ಪಕ್ಕದ ಗಾಡಿ ಹೊರಟಾಗ: ಸೈಕಲಾಜಿಕಲ್ ಥ್ರಿಲ್ಲರ್ ಓದುವುದು, ಅನಿಸಿಕೆ ಬರೆಯುವುದು

‘ಕೊನೆ ಹೀಗಾಗುತ್ತೆ ಅಂತ ಊಹಿಸಿರಲೇ ಇಲ್ಲ. ಸೂಪರ್!’ ಸೈಕಲಾಜಿಕಲ್ ಥ್ರಿಲ್ಲರ್ ಓದಿ ಮುಗಿಸಿದವರು ವಾಟ್ಸಾಪ್ ಗುಂಪಿಗೆ ಹಾಕುವ ಅನಿಸಿಕೆ ಬಹುಮಟ್ಟಿಗೆ ಇಷ್ಟೇ. ಡೊಂಬಿವಲಿಯಿಂದ ದಹಿಸರ್‌ವರೆಗೆ ಮುಂಬಯಿಯ ಕನ್ನಡ ಓದುಗರು ಭೈರಪ್ಪನವರ ಬಗ್ಗೆಯೋ ಚಿತ್ತಾಲರ ಬಗ್ಗೆಯೋ ಅರ್ಧ ಗಂಟೆ ಸಲೀಸಾಗಿ ಮಾತಾಡುತ್ತಾರೆ. ಅವರ ಕೈಗೇ ಒಂದು ಥ್ರಿಲ್ಲರ್ ಕೊಟ್ಟು ‘ಮುಂದಿನ ಭಾನುವಾರ ನಿಮ್ಮ ಅನಿಸಿಕೆ’ ಎಂದರೆ ತಡವರಿಸುತ್ತಾರೆ. ಕಥೆ ಹೇಳಿದರೆ ಗುಟ್ಟು ಬಯಲಾಗುತ್ತದೆ, ಹೇಳದಿದ್ದರೆ ಹೇಳಲು ಏನೂ ಉಳಿಯುವುದಿಲ್ಲ ಎಂಬ ಭಾವನೆ ಇದಕ್ಕೆ ಕಾರಣ. ಉಳಿಯುವುದು ಬೇಕಾದಷ್ಟಿದೆ. ಅದಕ್ಕೆ ಈ ಬಗೆಯ ಕಾದಂಬರಿ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಿರಬೇಕು.

ಯಾವುದು ಸೈಕಲಾಜಿಕಲ್ ಥ್ರಿಲ್ಲರ್, ಯಾವುದು ಅಲ್ಲ

ಕನ್ನಡದ ಓದುಗರಿಗೆ ಪತ್ತೇದಾರಿ ಕಾದಂಬರಿ ಹಳೆಯ ನೆಂಟ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ತಲೆಮಾರು ಮಾಟುಂಗದಲ್ಲಿ ಇನ್ನೂ ಇದೆ. ಅಲ್ಲಿ ಲೆಕ್ಕ ಸರಳ: ಒಂದು ಅಪರಾಧ ನಡೆದಿದೆ, ಮಾಡಿದವರು ಯಾರು? ಪತ್ತೇದಾರನ ತಲೆ ನೆಟ್ಟಗಿರುತ್ತದೆ, ಅವನು ಕಂಡದ್ದನ್ನು ನಾವು ನಂಬಬಹುದು.

ಇನ್ನೊಂದು ಕಡೆ ಮನೋವೈಜ್ಞಾನಿಕ ಕಾದಂಬರಿ ಇದೆ. ತ್ರಿವೇಣಿಯವರ ‘ಶರಪಂಜರ’ದಲ್ಲಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಸುತ್ತಲಿನವರು ಇನ್ನೂ ಹುಚ್ಚಿಯಂತೆಯೇ ನೋಡುತ್ತಾರೆ. ಮನಸ್ಸಿನ ಕಥೆಯೇ ನಿಜ, ಆದರೆ ಓದುಗರ ಕಣ್ಣಿಗೆ ಬಟ್ಟೆ ಕಟ್ಟುವ ಉದ್ದೇಶ ಅದಕ್ಕಿಲ್ಲ.

ಸೈಕಲಾಜಿಕಲ್ ಥ್ರಿಲ್ಲರ್ ಇವೆರಡರಿಂದಲೂ ಸ್ವಲ್ಪ ಸ್ವಲ್ಪ ತೆಗೆದುಕೊಂಡಿದೆ. ಅಪಾಯ ಪತ್ತೇದಾರಿಯದು, ಅಖಾಡ ಮನಸ್ಸು. ‘ಯಾರು ಮಾಡಿದರು’ ಎನ್ನುವುದಕ್ಕಿಂತ ‘ನಡೆದದ್ದು ನಿಜವಾಗಿ ಏನು, ಹೇಳುತ್ತಿರುವವರನ್ನು ಎಷ್ಟು ನಂಬಬಹುದು’ ಎಂಬ ಪ್ರಶ್ನೆ ದೊಡ್ಡದು. ಬಂದೂಕು, ಕಾರಿನ ಬೆನ್ನಟ್ಟುವಿಕೆ ಕಡಿಮೆ. ಅಡುಗೆಮನೆ, ಮಲಗುವ ಕೋಣೆ, ಲಿಫ್ಟು, ಅಕ್ಕಪಕ್ಕದ ಫ್ಲಾಟು ಹೆಚ್ಚು. ಪಾತ್ರಗಳು ಐದಾರು. ಅಪಾಯ ತರುವವರು ಸಾಮಾನ್ಯವಾಗಿ ಮನೆಯ ಕೀಲಿ ಇರುವವರೇ.

ಗಡಿ ಮಾತ್ರ ಗೋಡೆಯಂತಿಲ್ಲ. 1979ರ ‘ಶಿಕಾರಿ’ಯನ್ನೇ ನೋಡಿ. ಮುಂಬಯಿಯ ಕಂಪನಿಯೊಂದರ ನಾಗಪ್ಪ ಯಾವ ಆರೋಪವೆಂದು ತಿಳಿಯದೆಯೇ ಸಸ್ಪೆಂಡ್ ಆಗುತ್ತಾನೆ. ತನ್ನನ್ನು ಬೇಟೆಯಾಡುತ್ತಿರುವವರು ಯಾರು, ಬೇಟೆ ಎಷ್ಟು ನಿಜ, ತನ್ನ ಮನಸ್ಸಿನದು ಎಷ್ಟು ಎಂದು ತಡಕುತ್ತಾನೆ. ಯಶವಂತ ಚಿತ್ತಾಲರು ಥ್ರಿಲ್ಲರ್ ಬರೆಯಲು ಕೂತವರಲ್ಲ, ಪುಸ್ತಕದಂಗಡಿಯವರೂ ಅದನ್ನು ಆ ಕಪಾಟಿನಲ್ಲಿ ಇಡುವುದಿಲ್ಲ. ಆದರೂ ಥ್ರಿಲ್ಲರ್‌ಗಳನ್ನು ಹತ್ತಾರು ಓದಿ ಬೇಸತ್ತವರು ಒಮ್ಮೆ ಅದಕ್ಕೆ ಮರಳಿದರೆ, ಶಂಕೆಯನ್ನು ಪುಟದಿಂದ ಪುಟಕ್ಕೆ ಹೇಗೆ ಬೆಳೆಸುತ್ತಾರೆ ಎಂಬುದು ಅಲ್ಲೇ ಕಾಣುತ್ತದೆ.

ಕುರ್ಲಾ ಸ್ಟೇಷನ್ನಿನ ಕಂಬ

ಕುರ್ಲಾದಲ್ಲಿ ಸ್ಲೋ ಲೋಕಲ್ ನಿಂತಿದೆ. ಕಿಟಕಿಯಾಚೆ ಇನ್ನೊಂದು ಗಾಡಿ. ಇದ್ದಕ್ಕಿದ್ದಂತೆ ನಮ್ಮ ಗಾಡಿ ಹಿಂದಕ್ಕೆ ಸರಿದಂತೆ ಅನಿಸುತ್ತದೆ, ಕೈ ತಾನಾಗಿ ಹಿಡಿಕೆಗೆ ಹೋಗುತ್ತದೆ. ನಿಜದಲ್ಲಿ ಹೊರಟಿದ್ದು ಪಕ್ಕದ ಗಾಡಿ. ಕಣ್ಣು ಸುಳ್ಳು ಹೇಳಲಿಲ್ಲ; ಒಂದು ಗಾಡಿ ಸರಿದದ್ದು ಹೌದು. ಯಾವುದು ಸರಿಯಿತು ಎಂಬ ತೀರ್ಮಾನವಷ್ಟೇ ತಪ್ಪಿತು. ಇನ್ನೊಂದು ಬದಿಗೆ ತಿರುಗಿ ಪ್ಲಾಟ್‌ಫಾರ್ಮಿನ ಕಂಬ ನೋಡಿದರೆ ಗೊಂದಲ ಮುಗಿಯಿತು.

ಸೈಕಲಾಜಿಕಲ್ ಥ್ರಿಲ್ಲರಿನ ತಂತ್ರವೂ ಹೀಗೆಯೇ. ಲೇಖಕರು ನಮ್ಮನ್ನು ಒಂದು ಕಿಟಕಿಯ ಪಕ್ಕ ಕೂರಿಸುತ್ತಾರೆ. ಆ ಕಿಟಕಿಯೇ ನಿರೂಪಕ, ಅಂದರೆ ಕಥೆ ಹೇಳುವ ಪಾತ್ರ. ಅವರು ಕಂಡಷ್ಟೇ ನಮಗೂ ಕಾಣುತ್ತದೆ. ಹೀಗೆ ಪೂರ್ತಿ ನಂಬಲಾಗದ ಕಥೆಗಾರರಿಗೆ ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ‘ಅನ್‌ರಿಲಯಬಲ್ ನರೇಟರ್’ ಎಂಬ ಹೆಸರು ಕೊಟ್ಟರು. ಕನ್ನಡದಲ್ಲಿ ವಿಶ್ವಾಸಾರ್ಹವಲ್ಲದ ನಿರೂಪಕ ಎನ್ನುತ್ತಾರೆ. ಮಾತು ಉದ್ದವಾಯಿತು, ‘ನಂಬಲಾಗದ ನಿರೂಪಕ’ ಎಂದರೆ ಸಾಕು.

ನಂಬಲಾಗದವರೆಲ್ಲ ಸುಳ್ಳುಗಾರರಲ್ಲ. ಬೇಕೆಂದೇ ಸುಳ್ಳು ಹೇಳುವವರು ಒಂದು ಬಗೆ, ಇವರು ಅಷ್ಟೇನೂ ಸ್ವಾರಸ್ಯದವರಲ್ಲ. ಕಂಡದ್ದನ್ನು ತಪ್ಪಾಗಿ ಅರ್ಥಮಾಡಿಕೊಂಡವರು ಇರುತ್ತಾರೆ. ಹತ್ತು ವರ್ಷದ ಹುಡುಗ ಅಪ್ಪ ಅಮ್ಮನ ಜಗಳವನ್ನು ವಿವರಿಸಿದಂತೆ. ಕುಡಿತ, ಪೆಟ್ಟು, ಔಷಧದಿಂದ ನೆನಪು ಕಳಕೊಂಡವರು ಇರುತ್ತಾರೆ. ಎಲ್ಲರಿಗಿಂತ ಗಟ್ಟಿಗರೆಂದರೆ ಬಿಟ್ಟು ಹೇಳುವವರು. ಇವರ ಒಂದೊಂದು ವಾಕ್ಯವೂ ನಿಜ. ಎರಡು ವಾಕ್ಯಗಳ ನಡುವೆ ಅರ್ಧ ಗಂಟೆ ಮಾಯವಾಗಿರುತ್ತದೆ.

ಓದುಗರಾಗಿ ನಮ್ಮ ಕೆಲಸ ಕಂಬ ಹುಡುಕುವುದು. ನಿರೂಪಕರ ಮಾತನ್ನು ಅವಲಂಬಿಸದೆ ನಿಲ್ಲುವ ಸಂಗತಿಗಳೇ ಕಂಬಗಳು: ಕರೆಂಟ್ ಬಿಲ್ಲಿನ ಮೊತ್ತ, ಸೊಸೈಟಿ ವಾಚ್‌ಮನ್ನನ ರಿಜಿಸ್ಟರಿನಲ್ಲಿ ಬರೆದ ಸಮಯ, ಔಷಧದ ಸ್ಟ್ರಿಪ್‌ನಲ್ಲಿ ಉಳಿದ ಗುಳಿಗೆ, ಮೂರನೆಯವರೊಬ್ಬರು ಆಡಿದ ಲೋಕಾಭಿರಾಮದ ಮಾತು. ಒಳ್ಳೆಯ ಲೇಖಕರು ಕಂಬಗಳನ್ನು ನೆಟ್ಟೇ ಇರುತ್ತಾರೆ, ನಮ್ಮ ಕಣ್ಣು ಆ ಕಡೆ ಹೋಗದಂತೆ ನೋಡಿಕೊಳ್ಳುತ್ತಾರೆ ಅಷ್ಟೆ.

ಈಗ ಎಲ್ಲರ ಬಾಯಲ್ಲೂ ಓಡಾಡುವ ‘ಗ್ಯಾಸ್‌ಲೈಟಿಂಗ್’ ಎಂಬ ಪದ ಹುಟ್ಟಿದ್ದೂ ಇಂಥ ಕಂಬದಿಂದ. 1938ರಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ ‘ಗ್ಯಾಸ್ ಲೈಟ್’ ನಾಟಕದಲ್ಲಿ ಗಂಡ ಹೆಂಡತಿಗೆ ತಲೆ ಕೆಟ್ಟಿದೆಯೆಂದು ಅವಳನ್ನೇ ನಂಬಿಸಲು ಹೊರಡುತ್ತಾನೆ. ಅವನು ಕದ್ದು ಮೇಲಿನ ಮಹಡಿಗೆ ಹೋಗಿ ಅಲ್ಲಿ ಗ್ಯಾಸ್ ದೀಪ ಹಚ್ಚಿದಾಗ ಕೆಳಗೆ ಅವಳ ಕೋಣೆಯ ದೀಪ ಮಂಕಾಗುತ್ತದೆ. ಮೇಲಿನ ಮನೆಯವರು ನಲ್ಲಿ ಬಿಟ್ಟರೆ ಕೆಳಗಿನವರ ನಲ್ಲಿ ಸಣ್ಣದಾಗುವುದಿಲ್ಲವೇ, ಹಾಗೆ. ದೀಪ ಮಂಕಾಗುವುದು ಅವಳ ಭ್ರಮೆಯಲ್ಲ, ಪೈಪಿನ ಒತ್ತಡದ ಲೆಕ್ಕ. 2022ರಲ್ಲಿ ಮೆರಿಯಮ್ ವೆಬ್‌ಸ್ಟರ್ ನಿಘಂಟು ಇದನ್ನು ವರ್ಷದ ಪದವೆಂದು ಆರಿಸಿತು. ಈಗ ಸಾಮಾನ್ಯ ಸುಳ್ಳಿಗೂ ಜನ ಅದನ್ನೇ ಬಳಸುತ್ತಾರೆ. ಮೂಲದ ಅರ್ಥ ಬಿಗಿಯಾದದ್ದು: ಒಬ್ಬರಿಗೆ ತಮ್ಮ ಕಣ್ಣು, ಕಿವಿ, ನೆನಪಿನ ಮೇಲೇ ನಂಬಿಕೆ ಹೋಗುವಂತೆ ಮಾಡುವುದು.

ಎರಡು ಪ್ಯಾಕೆಟ್ ಹಾಲು

ಬಿಟ್ಟು ಹೇಳುವುದು ಅಂದರೇನು ಎಂಬುದನ್ನು ಹತ್ತಿರದಿಂದ ನೋಡೋಣ. ಕೆಳಗಿನ ತುಣುಕು ಯಾವ ಪುಸ್ತಕದ್ದೂ ಅಲ್ಲ, ಉದಾಹರಣೆಗೆಂದು ಹೆಣೆದದ್ದು. ಹೇಳುತ್ತಿರುವಾತ ಕಲ್ವಾದ ಫ್ಲಾಟೊಂದರಲ್ಲಿರುವ ಗಂಡ.

‘ರಾತ್ರಿ ಪಾಳಿ ಮುಗಿಸಿ ಬಂದಾಗ ಆರೂಕಾಲು. ಬಾಗಿಲಿಗೆ ತೂಗುಹಾಕಿದ ಚೀಲದಲ್ಲಿ ಹಾಲಿನ ಎರಡು ಪ್ಯಾಕೆಟ್ ಇತ್ತು. ಒಂದು ಉಬ್ಬಿತ್ತು. ಇನ್ನೊಂದನ್ನು ಕಾಯಿಸಿದೆ. ವಸಂತಿ ಎದ್ದಿರಲಿಲ್ಲ. ಎಬ್ಬಿಸುವುದು ಬೇಡವೆಂದು ಒಂದೇ ಲೋಟ ಚಹಾ ಮಾಡಿಕೊಂಡು ಕುಡಿದೆ.’

ಮೊದಲ ಓದಿಗೆ ಹೆಂಡತಿಯ ನಿದ್ದೆ ಕೆಡಿಸದ ಗಂಡ ಕಾಣುತ್ತಾನೆ. ಪಾಪ, ತಾನೇ ಚಹಾ ಮಾಡಿಕೊಂಡ.

ಈಗ ಇಪ್ಪತ್ತು ಪುಟ ಹಿಂದೆ ಹೋಗಿ. ಈ ಮನೆಗೆ ದಿನಕ್ಕೆ ಅರ್ಧ ಲೀಟರಿನ ಒಂದೇ ಪ್ಯಾಕೆಟ್, ಅದನ್ನು ಒಳಗೆ ತೆಗೆದುಕೊಳ್ಳುವುದು ವಸಂತಿ ಎಂದು ಬೇರೆ ಯಾವುದೋ ಮಾತಿನ ನಡುವೆ ಬಂದಿರುತ್ತದೆ. ಹಾಗಾದರೆ ಎರಡನೆಯ ಪ್ಯಾಕೆಟ್ ನಿನ್ನೆಯದು. ಮುಂಬಯಿಯ ಸೆಕೆಗೆ ಒಂದು ಹಗಲು ಹೊರಗಿದ್ದ ಹಾಲು ಉಬ್ಬದೆ ಇನ್ನೇನಾದೀತು? ನಿನ್ನೆ ಬೆಳಿಗ್ಗೆಯಿಂದ ವಸಂತಿ ಬಾಗಿಲು ತೆಗೆದಿಲ್ಲ. ಗಂಡ ಉಬ್ಬಿದ ಪ್ಯಾಕೆಟನ್ನು ಕಂಡಿದ್ದಾನೆ, ಕೋಣೆಗೆ ಮಾತ್ರ ಹೋಗಿಲ್ಲ. ‘ಎದ್ದಿರಲಿಲ್ಲ’ ಎಂಬುದು ಅಕ್ಷರಶಃ ನಿಜ. ‘ಮಲಗಿದ್ದಳು’ ಎಂದು ಅವನು ಹೇಳಲೇ ಇಲ್ಲ, ಅದು ನಾವು ಸೇರಿಸಿಕೊಂಡದ್ದು. ‘ಒಂದೇ ಲೋಟ’ ಎಂಬಲ್ಲಿಯ ‘ಏ’ಕಾರ ಎರಡನೇ ಓದಿನಲ್ಲಿ ಚುಚ್ಚುತ್ತದೆ.

ಸುಳಿವು ಹೀಗೆ ಇರಬೇಕು. ಹೇಳುವ ಹೊತ್ತಿಗೆ ಅದಕ್ಕೆ ಇನ್ನೊಂದು ಸಹಜ ಅರ್ಥವಿರಬೇಕು, ತಿರುವು ತಿಳಿದ ಮೇಲೆ ಆ ಸಹಜ ಅರ್ಥ ನಿಲ್ಲಬಾರದು. ಗಂಡ ಅಲ್ಲಿ ‘ವಸಂತಿ ಗೊರಕೆ ಹೊಡೆಯುತ್ತಿದ್ದಳು’ ಎಂದಿದ್ದರೆ ಲೇಖಕರು ಮೋಸ ಮಾಡಿದಂತೆ. ಹಾಲಿನ ಮಾತೇ ಇಲ್ಲದೆ ಕೊನೆಯ ಅಧ್ಯಾಯದಲ್ಲಿ ಪೊಲೀಸರು ಬಂದು ಎಲ್ಲವನ್ನೂ ವಿವರಿಸಿದ್ದರೆ ಅದು ಸೋಮಾರಿತನ. ಕಪಾಟು ಸೇರಿದ ಮೇಲೆ ಯಾರೂ ಮತ್ತೆ ತೆಗೆಯದ ಥ್ರಿಲ್ಲರ್‌ಗಳಲ್ಲಿ ಹೆಚ್ಚಿನವು ಎಡವುವುದು ಈ ಎರಡರಲ್ಲೊಂದು ಕಡೆ.

ಕನ್ನಡದ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ

ಇಂಗ್ಲಿಷ್ ಥ್ರಿಲ್ಲರ್ ಕನ್ನಡಕ್ಕೆ ಬರುವಾಗ ಏನಾಗುತ್ತದೆ ಎಂಬುದನ್ನು ಅನಿಸಿಕೆ ಬರೆಯುವವರು ಗಮನಿಸುವುದು ಕಡಿಮೆ. ಅಲ್ಲೇ ಬರೆಯಬೇಕಾದ್ದು ಜಾಸ್ತಿ ಇದೆ.

‘ಕತ್ತಲಲ್ಲಿ ನಿಂತವರು ಗಂಡಸೋ ಹೆಂಗಸೋ’ ಎಂಬುದನ್ನು ಇಂಗ್ಲಿಷಿನಲ್ಲಿ ಪುಟಗಟ್ಟಲೆ ಮುಚ್ಚಿಡಬಹುದು, ಅಲ್ಲಿಯ ಕ್ರಿಯಾಪದಕ್ಕೆ ಲಿಂಗವಿಲ್ಲ. ಕನ್ನಡದಲ್ಲಿ ಬಂದನು, ಬಂದಳು ಎಂದು ವಾಕ್ಯದ ಕೊನೆಗೆ ಒಪ್ಪಿಸಲೇಬೇಕು. ತಪ್ಪಿಸಿಕೊಳ್ಳುವ ದಾರಿಗಳು ಕೆಲವಿವೆ. ‘ಆಕೃತಿ ಬಂತು’ ಎಂದು ನಪುಂಸಕಕ್ಕೆ ಹೋಗುವುದು ಒಂದು. ಒಮ್ಮೆ ಚೆನ್ನ, ಹತ್ತು ಸಲ ಬಂದರೆ ಭೂತದ ಕಥೆಯಾಗುತ್ತದೆ. ‘ಯಾರೋ ನಡೆದ ಸದ್ದಾಯಿತು’ ಎಂದು ಮನುಷ್ಯರನ್ನು ಬಿಟ್ಟು ಸದ್ದನ್ನು ಕರ್ತೃ ಮಾಡುವುದು ಇನ್ನೊಂದು. ಮೂರನೆಯದು ಕನ್ನಡಕ್ಕೇ ಒಗ್ಗಿದ್ದು, ಗೌರವದ ಬಹುವಚನ. ‘ಡಾಕ್ಟರು ಬಂದರು, ಕೈ ತೊಳೆದರು, ಬಾಗಿಲು ಹಾಕಿದರು’ ಎನ್ನುವಾಗ ಡಾಕ್ಟರು ಗಂಡೋ ಹೆಣ್ಣೋ ಎಂದು ಯಾರಿಗೂ ಸಂಶಯ ಬರುವುದಿಲ್ಲ. ಮರ್ಯಾದೆಯೇ ಗುಟ್ಟಿಗೆ ಪರದೆಯಾಗುತ್ತದೆ.

ನಾನು ಎಂದು ಹೇಳುವ ಕಥೆಯಲ್ಲಿ ಕನ್ನಡಕ್ಕೆ ಮರಾಠಿ, ಹಿಂದಿಗಿಲ್ಲದ ಸೌಲಭ್ಯವಿದೆ. ಮರಾಠಿಯಲ್ಲಿ ಗಂಡಸಾದರೆ ‘ಮೀ ಗೇಲೋ’, ಹೆಂಗಸಾದರೆ ‘ಮೀ ಗೇಲೇ’; ಮೊದಲ ಸಾಲಿನಲ್ಲೇ ಗುರುತು ಸಿಕ್ಕಿಬಿಡುತ್ತದೆ. ಹಿಂದಿಯಲ್ಲೂ ಹಾಗೆಯೇ. ಕನ್ನಡದ ‘ನಾನು ಹೋದೆ’ ಕೊನೆಯ ಪುಟದವರೆಗೂ ಏನೂ ಬಾಯಿಬಿಡುವುದಿಲ್ಲ. ದಿನವಿಡೀ ಮರಾಠಿ, ಹಿಂದಿ ಕಿವಿಗೆ ಬೀಳುವ ಮುಂಬಯಿಯ ಓದುಗರಿಗೆ ಇದು ಬೇಗ ಹೊಳೆಯಬೇಕು.

ನಂಟಿನ ಪದಗಳು ಅನುವಾದಕರ ದೊಡ್ಡ ತಲೆನೋವು. ಇಂಗ್ಲಿಷಿನ ‘ಬ್ರದರ್ ಇನ್ ಲಾ’ ಕನ್ನಡಕ್ಕೆ ಬಂದರೆ ಭಾವನೋ ಮೈದುನನೋ ಷಡ್ಡಕನೋ ತೀರ್ಮಾನಿಸಬೇಕು. ಯಾರ ಕಡೆಯವನು ಎಂಬುದೇ ಕಥೆಯ ಗುಟ್ಟಾಗಿದ್ದರೆ ಪದ ಆರಿಸಿದ ಕ್ಷಣವೇ ಗುಟ್ಟು ಹೋಯಿತು. ‘ಕಸಿನ್’, ‘ಫ್ರೆಂಡ್’ ಎಂದು ಅನುವಾದದಲ್ಲಿ ಹಾಗೆಯೇ ಉಳಿದಿದ್ದರೆ ಅನುವಾದಕರಿಗೆ ಸೋಮಾರಿಗಳೆಂದು ಬೈಯುವ ಮೊದಲು ಕೊನೆಯ ಅಧ್ಯಾಯ ಓದಿ.

ಕನ್ನಡದಲ್ಲೇ ಬರೆದ ಥ್ರಿಲ್ಲರಿನಲ್ಲಿ ಕಿವಿಗೊಡಬೇಕಾದ್ದು ‘ಅಂತೆ’ಗೆ. ‘ಅವಳು ಎಂಟಕ್ಕೆ ಹೊರಟಳು’ ಎಂದರೆ ಕಂಡವರ ಮಾತು. ‘ಎಂಟಕ್ಕೆ ಹೊರಟಳಂತೆ’ ಎಂದರೆ ಕೇಳಿದ್ದು. ‘ಎಂಟಕ್ಕೆ ಹೊರಟಿರಬೇಕು’ ಎಂದರೆ ಊಹಿಸಿದ್ದು. ಆ ಹೊತ್ತಿಗೆ ತಾನು ಮನೆಯಲ್ಲೇ ಇದ್ದೆನೆಂದು ಅರವತ್ತನೇ ಪುಟದಲ್ಲಿ ಹೇಳಿದ ಪಾತ್ರದ ಬಾಯಲ್ಲಿ ನೂರಹತ್ತನೇ ಪುಟದಲ್ಲಿ ‘ಹೊರಟಳಂತೆ’ ಬಂದರೆ, ಅಲ್ಲಿ ಕಾಗದ ಇಡಿ. ಅಚ್ಚಿನ ತಪ್ಪೂ ಇರಬಹುದು, ಪಾತ್ರದ ಬಾಯಿ ಜಾರಿದ್ದೂ ಇರಬಹುದು.

ಕಾಣೆಯಾದವರ ಬಗ್ಗೆ ಮಾತಾಡುವಾಗ ‘ಅವಳಿಗೆ ಮಲ್ಲಿಗೆ ಇಷ್ಟ ಇತ್ತು’ ಎಂದು ಭೂತಕಾಲಕ್ಕೆ ಜಾರುವುದು ಎಲ್ಲ ಭಾಷೆಯ ಥ್ರಿಲ್ಲರ್‌ಗಳಲ್ಲೂ ಸವೆದ ಸುಳಿವು. ಕನ್ನಡದಲ್ಲಿ ‘ಅವಳಿಗೆ ಮಲ್ಲಿಗೆ ಇಷ್ಟ’ ಎಂದರೆ ವಾಕ್ಯ ಮುಗಿಯಿತು, ಕ್ರಿಯಾಪದವೇ ಬೇಡ, ಕಾಲವೂ ಗೊತ್ತಾಗುವುದಿಲ್ಲ. ಜಾಣ ಪಾತ್ರ ಹೀಗೆಯೇ ಮಾತಾಡುತ್ತದೆ.

ಪುಟ ತಿರುಗಿಸುವುದು ಏಕೆ

ಠಾಣೆಯಲ್ಲಿ ಶುರು ಮಾಡಿದ ಅಧ್ಯಾಯ ಘಾಟ್ಕೋಪರ್ ಬರುವಷ್ಟರಲ್ಲಿ ಮುಗಿದಿರುತ್ತದೆ, ಇಳಿಯುವ ಸ್ಟೇಷನ್ನಿಗೆ ಇನ್ನೂ ಹೊತ್ತಿದೆ, ಮುಂದಿನದನ್ನು ತೆರೆದೇಬಿಡುತ್ತೇವೆ. ಅಧ್ಯಾಯಗಳು ಚಿಕ್ಕದಾಗಿರುವುದು ಆಕಸ್ಮಿಕವಲ್ಲ. ಪ್ರತಿ ಅಧ್ಯಾಯ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಇನ್ನೊಂದನ್ನು ತೆರೆದಿಟ್ಟು ನಿಲ್ಲುತ್ತದೆ.

ಮುಗಿಯದ ಕೆಲಸ ಮನಸ್ಸಿಗೆ ಅಂಟಿಕೊಳ್ಳುತ್ತದೆ ಎಂಬ ಮಾತಿನ ಹಿಂದೆ ಒಂದು ಹೋಟೆಲಿನ ಕಥೆಯಿದೆ. ಬರ್ಲಿನ್ನಿನ ಹೋಟೆಲಿನಲ್ಲಿ ವೇಟರುಗಳು ಬಿಲ್ಲು ಕೊಡುವವರೆಗೆ ಯಾರಿಗೆ ಏನೆಂದು ನೆನಪಿಟ್ಟು, ದುಡ್ಡು ಬಂದ ಕೂಡಲೇ ಮರೆಯುತ್ತಾರೆ ಎಂಬ ಗಮನಿಕೆಯಿಂದ ಬ್ಲೂಮಾ ಜೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆಗೆ ಪ್ರಯೋಗ ಹೊಳೆಯಿತಂತೆ (ಇಲ್ಲೂ ಒಂದು ‘ಅಂತೆ’). 1927ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧಕ್ಕೆ ನಿಲ್ಲಿಸಿದ ಕೆಲಸಗಳು ಹೆಚ್ಚು ನೆನಪುಳಿದವು. ಆಮೇಲೆ ಬೇರೆಯವರು ಮಾಡಿದಾಗ ಎಲ್ಲ ಸಲವೂ ಅದೇ ಫಲ ಸಿಗಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಎಂಟು ಟೇಬಲ್ಲಿನ ಆರ್ಡರು ತಲೆಯಲ್ಲೇ ಇಟ್ಟುಕೊಂಡು ಓಡಾಡುವ ಸಪ್ಲೈಯರನ್ನು ನೋಡಿದವರಿಗೆ ಮೂಲ ಕಥೆ ನಂಬಲು ಕಷ್ಟವಿಲ್ಲ.

ಬೆರಗು ಮತ್ತು ಆತಂಕ ಒಂದೇ ಅಲ್ಲ. ಚಿತ್ರ ನಿರ್ದೇಶಕ ಹಿಚ್‌ಕಾಕ್ ಕೊಟ್ಟ ವಿವರಣೆಗಿಂತ ಸರಳವಾದದ್ದು ಇನ್ನೂ ಬಂದಿಲ್ಲ. ಇಬ್ಬರು ಮಾತಾಡುತ್ತಿರುವಾಗ ಮೇಜಿನಡಿಯ ಬಾಂಬು ಏಕಾಏಕಿ ಸಿಡಿದರೆ ನೋಡುವವರಿಗೆ 15 ಸೆಕೆಂಡಿನ ಬೆಚ್ಚು. ಬಾಂಬು ಇರುವುದು ನಮಗೆ ಮೊದಲೇ ಗೊತ್ತಿದ್ದು ಅವರಿಗೆ ಗೊತ್ತಿಲ್ಲದಿದ್ದರೆ, ಅದೇ ಪೊಳ್ಳು ಹರಟೆ 15 ನಿಮಿಷದ ಆತಂಕ. ಥ್ರಿಲ್ಲರ್ ಓದುವಾಗ ‘ಈಗ ನನಗೆ ಪಾತ್ರಕ್ಕಿಂತ ಹೆಚ್ಚು ಗೊತ್ತೋ ಕಡಿಮೆಯೋ’ ಎಂದು ಆಗಾಗ ಕೇಳಿಕೊಂಡರೆ ಲೇಖಕರು ಎರಡರಲ್ಲಿ ಯಾವುದನ್ನು ನೆಚ್ಚಿದ್ದಾರೆಂದು ಗೊತ್ತಾಗುತ್ತದೆ. ಬರೀ ಬೆಚ್ಚಿನ ಮೇಲೆ ನಿಂತ ಕಾದಂಬರಿ ಒಂದೇ ಓದಿಗೆ ಮುಗಿಯುತ್ತದೆ.

ಮನಶ್ಶಾಸ್ತ್ರ ಎಲ್ಲಿ ಕೆಡುತ್ತದೆ

ಹೆಸರಿನಲ್ಲೇ ಸೈಕಾಲಜಿ ಇದ್ದರೂ ಇಂಥ ಕಾದಂಬರಿಗಳು ಜಾರುವುದು ಅಲ್ಲೇ. ಕೆಲವು ಮಾಮೂಲಿ ತಪ್ಪುಗಳು ಗೊತ್ತಿದ್ದರೆ ಓದುಗರು ತಾವೇ ಹಿಡಿಯಬಹುದು.

ಮೊದಲನೆಯದು ಸ್ಕಿಜೋಫ್ರೇನಿಯಾ ಎಂದರೆ ಒಬ್ಬರಲ್ಲಿ ಇಬ್ಬರು ಎಂಬ ಗೊಂದಲ. 1908ರಲ್ಲಿ ಸ್ವಿಸ್ ಮನೋವೈದ್ಯ ಆಯ್ಗೆನ್ ಬ್ಲಾಯ್ಲರ್ ಟಂಕಿಸಿದ ಆ ಪದಕ್ಕೆ ಗ್ರೀಕ್ ಮೂಲದಲ್ಲಿ ‘ಒಡೆದ ಮನಸ್ಸು’ ಎಂಬ ಅರ್ಥವಿರುವುದೇ ಈ ಗೊಂದಲದ ಬೇರು. ಕಾಯಿಲೆಯ ಲಕ್ಷಣಗಳು ಬೇರೆ: ಇಲ್ಲದ ದನಿ ಕೇಳುವುದು, ಅಲುಗದ ಭ್ರಮೆಗಳು, ಯೋಚನೆ ಚದುರುವುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 300 ಮಂದಿಯಲ್ಲಿ ಒಬ್ಬರಿಗೆ ಇದೆ. ಒಬ್ಬರಲ್ಲಿ ಹಲವು ವ್ಯಕ್ತಿತ್ವಗಳು ಎನ್ನುವುದು ಇನ್ನೊಂದೇ ಕಾಯಿಲೆ. ಅದರ ಹಳೆಯ ಹೆಸರು ಮಲ್ಟಿಪಲ್ ಪರ್ಸನಾಲಿಟಿ. 1994ರಿಂದ ಅಮೆರಿಕದ ವೈದ್ಯಕೀಯ ಕೈಪಿಡಿ ಅದನ್ನು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಎನ್ನುತ್ತದೆ. ಎರಡನ್ನೂ ಕಲಸಿ, ಮೇಲೊಂದು ಚಾಕು ಕೊಟ್ಟು ಖಳನನ್ನು ಮಾಡುವ ಕಾದಂಬರಿಗಳಿಗೆ ಲೆಕ್ಕವಿಲ್ಲ. ತೀವ್ರ ಮಾನಸಿಕ ಕಾಯಿಲೆಯವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಒಳಗಾಗುವುದೇ ಹೆಚ್ಚು ಎಂಬುದು ವೈದ್ಯರು ಬಲ್ಲ ಸಂಗತಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಮುಂಬಯಿಯಲ್ಲಿ ಠಾಣೆ ಎಂದು ಮಾನಸಿಕ ಆಸ್ಪತ್ರೆಗಳ ಹೆಸರೆತ್ತಿ ನಗುವ ನಮ್ಮ ಅಭ್ಯಾಸಕ್ಕೆ ಇಂಥ ಪುಸ್ತಕಗಳೂ ಎಣ್ಣೆ ಹೊಯ್ಯುತ್ತವೆ.

ಎರಡನೆಯದು ಕುಡಿದವರ ನೆನಪು. ಪೂರ್ತಿ ಕುಡಿದು ಮರುದಿನ ಏನೂ ನೆನಪಿಲ್ಲದ ಪಾತ್ರಕ್ಕೆ ಮುನ್ನೂರನೇ ಪುಟದಲ್ಲಿ ಆ ರಾತ್ರಿಯ ದೃಶ್ಯ ಸಿನಿಮಾದಂತೆ ಮರಳುತ್ತದೆ. ಪೂರ್ಣ ಬ್ಲ್ಯಾಕೌಟಿನಲ್ಲಿ ಮಿದುಳು ಆ ಹೊತ್ತಿನ ನೆನಪನ್ನು ಬರೆದುಕೊಂಡೇ ಇರುವುದಿಲ್ಲ. ರೆಕಾರ್ಡ್ ಬಟನ್ ಒತ್ತದ ಟೇಪಿನಿಂದ ಹಾಡು ಕೇಳಲಾದೀತೇ? ಅರೆಬರೆ ಬ್ಲ್ಯಾಕೌಟ್ ಎಂಬುದು ಬೇರೆ ಇದೆ, ಅಲ್ಲಿ ಯಾರಾದರೂ ನೆನಪಿಸಿದರೆ ತುಣುಕುಗಳು ಮರಳುತ್ತವೆ. ಎಚ್ಚರದ ಲೇಖಕರು ಇದನ್ನು ಬಳಸುತ್ತಾರೆ.

ಮರಳಿದ ನೆನಪೂ ಅಚ್ಚೊತ್ತಿದ ಫೋಟೋ ಅಲ್ಲ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ದೃಶ್ಯ ತೋರಿಸಿ ವೇಗ ಎಷ್ಟಿತ್ತು ಎಂದು ಕೇಳಿದರು. ಕಾರುಗಳು ‘ಅಪ್ಪಳಿಸಿದಾಗ’ ಎಂದು ಕೇಳಿದರೆ ಸರಾಸರಿ ಉತ್ತರ ಗಂಟೆಗೆ ಸುಮಾರು 41 ಮೈಲಿ, ‘ತಗುಲಿದಾಗ’ ಎಂದು ಕೇಳಿದರೆ ಸುಮಾರು 32. ಬದಲಾದದ್ದು ಒಂದೇ ಪದ. ಕಾದಂಬರಿಯ ಪೊಲೀಸರು ಸಾಕ್ಷಿಯನ್ನು ಪ್ರಶ್ನಿಸುವ ದೃಶ್ಯ ಬಂದಾಗ ಅವರು ಯಾವ ಪದ ಬಳಸಿದರು ಎಂದು ನೋಡಿ.

ಇನ್ನು ಚಿಕ್ಕಪುಟ್ಟವು. ಕ್ಲೋರೋಫಾರ್ಮ್ ಕರವಸ್ತ್ರ ಮೂಗಿಗೆ ಒತ್ತಿದ ಕೂಡಲೇ ಯಾರೂ ಕುಸಿಯುವುದಿಲ್ಲ. ಸುಮಾರು ಐದು ನಿಮಿಷ ಬಿಡದೆ ಉಸಿರಾಡಬೇಕು. ಗಂಡ ಸಹಿ ಹಾಕಿದನೆಂದು ಹೆಂಡತಿಯನ್ನು ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಕೂಡಿಹಾಕುವುದು ಇವತ್ತಿನ ಭಾರತದ ಕಥೆಯಲ್ಲಿ ನಿಲ್ಲುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸ್ವಂತ ತೀರ್ಮಾನ ಕೈಗೊಳ್ಳಲಾಗದವರ ದಾಖಲಾತಿಗೆ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಮೊದಲ ಅವಧಿ 30 ದಿನ ದಾಟುವಂತಿಲ್ಲ. ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನೂ, ಸರಪಳಿ ಹಾಕುವುದನ್ನೂ ಅದೇ ಕಾಯ್ದೆ ನಿಷೇಧಿಸಿದೆ. ಕಥೆ 1970ರಲ್ಲಿ ನಡೆದರೆ ಮಾತು ಬೇರೆ, ಹಾಗಾಗಿ ಇಸವಿ ನೋಡಿ. ‘ಹುಚ್ಚು’ ಎಂದು ಸಾಬೀತಾದರೆ ಕೊಲೆಗಾರ ಸೀದಾ ಮನೆಗೆ ಹೋಗುತ್ತಾನೆ ಎಂಬುದೂ ತಪ್ಪು. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಹಿಂದಿನ ಐಪಿಸಿ 84, ಕೇಳುವುದು ಕೃತ್ಯದ ಹೊತ್ತಿಗೆ ಅದೇನೆಂದು ಅಥವಾ ಅದು ತಪ್ಪೆಂದು ತಿಳಿಯುವ ಶಕ್ತಿ ಇತ್ತೇ ಎಂದು. ಡಾಕ್ಟರ ಚೀಟಿಯೊಂದೇ ಸಾಲದು. ಖುಲಾಸೆಯಾದರೂ ಸುರಕ್ಷಿತ ಕಸ್ಟಡಿಗೋ, ಹೊಣೆ ಹೊರುವ ಬಂಧುಗಳಿಗೋ ಒಪ್ಪಿಸುತ್ತಾರೆ.

ಅನಿಸಿಕೆ ಬರೆಯುವ ಕ್ರಮ

ಓದಲು ಶುರು ಮಾಡುವಾಗ ಒಂದು ಹಾಳೆ ಮಡಿಸಿ ಪುಸ್ತಕದೊಳಗಿಡಿ, ಫೋನಿನಲ್ಲಿ ಓದುವವರಾದರೆ ನೋಟ್ಸ್ ತೆರೆದಿಡಿ. ಕಂಬ ಕಂಡಾಗಲೆಲ್ಲ ಪುಟಸಂಖ್ಯೆ ಮತ್ತು ಎರಡು ಪದ: ‘38, ಉಬ್ಬಿದ ಹಾಲು’. ಇಡೀ ಪುಸ್ತಕಕ್ಕೆ ಹದಿನೈದು ಇಪ್ಪತ್ತು ಸಾಕು. ಎಲ್ಲವನ್ನೂ ಗುರುತು ಹಾಕಿಕೊಂಡರೆ ಓದೇ ಕೆಡುತ್ತದೆ.

ಕಾಲುಭಾಗ, ಅರ್ಧ, ಮುಕ್ಕಾಲು ಮುಗಿದಾಗ ನಿಂತು ಆ ಹೊತ್ತಿನ ಊಹೆಯನ್ನು ಒಂದು ಸಾಲಿನಲ್ಲಿ ಬರೆದಿಡಿ. 240 ಪುಟದ ಪುಸ್ತಕವಾದರೆ 60, 120, 180ನೇ ಪುಟಗಳಲ್ಲಿ. ಇದನ್ನು ಬಿಟ್ಟವರೇ ಕೊನೆಗೆ ‘ನನಗೆ ಮೊದಲೇ ಗೊತ್ತಿತ್ತು’ ಎನ್ನುವುದು, ಮತ್ತು ಅವರು ಬೇಕೆಂದು ಸುಳ್ಳು ಹೇಳುತ್ತಿರುವುದಿಲ್ಲ. ಫಲ ಗೊತ್ತಾದ ಮೇಲೆ ನಮ್ಮ ಹಳೆಯ ಊಹೆಯನ್ನೇ ತಿದ್ದಿಕೊಂಡು ನೆನೆಯುತ್ತೇವೆ ಎಂದು ಮನಶ್ಶಾಸ್ತ್ರಜ್ಞ ಬಾರುಕ್ ಫಿಶ್‌ಹಾಫ್ 1975ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಬರೆದಿಟ್ಟ ಚೀಟಿಗೆ ಆ ತೊಂದರೆಯಿಲ್ಲ.

ಮುಗಿದ ಮೇಲೆ ತಣ್ಣಗಾಗಲು ಬಿಡದೆ, ಒಂದೆರಡು ದಿನದೊಳಗೆ ಮೊದಲ ಅಧ್ಯಾಯ ಮತ್ತು ಗುರುತಿಟ್ಟ ಪುಟಗಳನ್ನು ಮತ್ತೆ ಓದಿ. ಆಗ ಕೇಳಬೇಕಾದ್ದು ಹೀಗೆ: ಸುಳಿವು ನಿಜವಾಗಿ ಅಲ್ಲಿತ್ತೇ? ಆ ಪಾತ್ರ ಅಷ್ಟು ಕಾಲ ಬಾಯಿಮುಚ್ಚಿಕೊಂಡಿರಲು ಲೇಖಕರ ಅನುಕೂಲ ಬಿಟ್ಟು ಬೇರೆ ಕಾರಣವಿದೆಯೇ? ತಿರುವನ್ನು ತೆಗೆದಿಟ್ಟರೂ ಪಾತ್ರಗಳು ಮನುಷ್ಯರಾಗಿ ನಿಲ್ಲುತ್ತವೆಯೇ? ಎರಡನೆಯದೇ ಹೆಚ್ಚಿನ ಪುಸ್ತಕಗಳ ಬಣ್ಣ ಬಯಲು ಮಾಡುವ ಪ್ರಶ್ನೆ. ನಾನು ಎಂದು ಹೇಳುವಾತ ತನ್ನ ತಲೆಯೊಳಗೇ ತನ್ನಿಂದ ವಿಷಯ ಮುಚ್ಚಿಡುತ್ತಿದ್ದರೆ ಅದಕ್ಕೆ ಭಯವೋ ನಾಚಿಕೆಯೋ ಯಾರಿಗಾದರೂ ಬರೆಯುತ್ತಿರುವ ಹೇಳಿಕೆಯೋ ಕಾರಣವಾಗಿ ಇರಲೇಬೇಕು.

ಬರವಣಿಗೆ 300ರಿಂದ 400 ಪದ ಇದ್ದರೆ ಸಾಕು. ಕಥಾಸಾರ ಕಾಲುಭಾಗಕ್ಕೇ ನಿಲ್ಲಲಿ. ಆಮೇಲೆ ಕಿಟಕಿ ಯಾವುದು, ಯಾರು ಹೇಳುತ್ತಿದ್ದಾರೆ, ಅವರ ದನಿ ಹೇಗಿದೆ ಎಂಬುದಕ್ಕೆ ಒಂದು ಪ್ಯಾರಾ. ಊರು, ಭಾಷೆಗೆ ಒಂದು: ಕಥೆ ಮುಂಬಯಿಯಲ್ಲಿ ನಡೆದರೆ ಪಾತ್ರಗಳು ಯಾವ ಕನ್ನಡ ಆಡುತ್ತವೆ, ಮನೆಯಲ್ಲಿ ತುಳು, ಬಾಗಿಲಲ್ಲಿ ಮರಾಠಿ ಎಂಬುದು ಬಂದಿದೆಯೇ, ವಿರಾರ್ ಫಾಸ್ಟ್ ಗಾಡಿ ಹತ್ತಿದವರನ್ನು ಅದು ನಿಲ್ಲದ ಮಾಟುಂಗ ರೋಡಿನಲ್ಲಿ ಇಳಿಸಿಬಿಟ್ಟಿದ್ದಾರೆಯೇ. ಮನಶ್ಶಾಸ್ತ್ರ, ಕಾನೂನು ತಪ್ಪಿದ್ದರೆ ಪುಟಸಂಖ್ಯೆ ಸಮೇತ ಹೇಳಿ. ಮೆಚ್ಚಿಗೆಗೂ ಅದೇ ನಿಯಮ, ‘ಅದ್ಭುತ’ ಎಂಬುದಕ್ಕಿಂತ ಒಂದು ವಾಕ್ಯ ಎತ್ತಿ ತೋರಿಸುವುದು ಮೇಲು.

ಗುಟ್ಟಿನ ಬಗ್ಗೆ. 2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು 12 ಸಣ್ಣಕಥೆಗಳನ್ನಿಟ್ಟು ನೋಡಿದಾಗ, ಕೊನೆ ಮೊದಲೇ ತಿಳಿದವರಿಗೆ ಕಥೆ ತುಸು ಹೆಚ್ಚೇ ಹಿಡಿಸಿತ್ತು. ಆಮೇಲಿನ ಕೆಲವು ಪ್ರಯೋಗಗಳಲ್ಲಿ ಇದಕ್ಕೆ ವಿರುದ್ಧದ ಫಲ ಬಂತು. ವಿಜ್ಞಾನಿಗಳ ಜಗಳ ಏನೇ ಇರಲಿ, ತಿಳಿಯಬೇಕೋ ಬೇಡವೋ ಎಂಬುದು ಓದುವವರಿಗೆ ಬಿಟ್ಟದ್ದು. ‘ಕೊನೆಯಲ್ಲಿ ಭಾರೀ ತಿರುವಿದೆ’ ಎಂಬುದೂ ಅರ್ಧ ಗುಟ್ಟು ಒಡೆದಂತೆಯೇ, ಓದುವವರು ಆ ಕ್ಷಣದಿಂದ ಎಲ್ಲರನ್ನೂ ಸಂಶಯಿಸತೊಡಗುತ್ತಾರೆ. ‘ಯಾರನ್ನೂ ನಂಬಬೇಡಿ’, ‘ಅತ್ತೆಯ ಪಾತ್ರ ಗಮನಿಸಿ’ ಎಂಬ ಸಲಹೆಗಳೂ ಅದೇ ಸಾಲಿನವು. ಗುಟ್ಟು ಬಿಡಿಸಿಯೇ ಮಾತಾಡಬೇಕಿದ್ದರೆ ಬರಹವನ್ನು ಎರಡು ಭಾಗ ಮಾಡಿ, ಎರಡನೆಯದನ್ನು ಪುಸ್ತಕ ಓದಿದವರಿಗಷ್ಟೇ ಕಳಿಸಿ. ವಾಟ್ಸಾಪಿನಲ್ಲಿ ಉದ್ದ ಬರಹ ಹಾಕಿದರೆ ಮೊದಲ ಕೆಲವು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ‘ರೀಡ್ ಮೋರ್’ ಒತ್ತಿದರಷ್ಟೇ. ಗುಟ್ಟು ಆ ಗೆರೆಯಿಂದ ಕೆಳಗಿರಲಿ.

ಕಂಬಗಳನ್ನು ಹಾಳೆಯಲ್ಲೇ ಬರೆಯಿರಿ, ಪುಸ್ತಕದ ಅಂಚಿನಲ್ಲಿ ಬೇಡ. ಸಂಘದ ಗ್ರಂಥಾಲಯದ ಪ್ರತಿಯಾದರಂತೂ ಬೇಡವೇ ಬೇಡ. 38ನೇ ಪುಟದಲ್ಲಿ ಉಬ್ಬಿದ ಪ್ಯಾಕೆಟ್ಟಿನ ಕೆಳಗೆ ಯಾರೋ ಎಳೆದ ಒಂದು ಪೆನ್ಸಿಲ್ ಗೆರೆ ಸಾಕು, ಮುಂದೆ ಓದುವವರಿಗೆ ಇನ್ನೂರು ಪುಟ ಉಳಿದಿರುವಾಗಲೇ ವಸಂತಿ ಏಳುವುದಿಲ್ಲ ಎಂದು ಗೊತ್ತಾಗಿಬಿಡುತ್ತದೆ.